ರಾಗಿ ಮೂಟೆಯ ಕಾದಂಬರಿ

ಚನ್ನರಾಯಪಟ್ಟಣದಲ್ಲಿರುವ ನನ್ನ ಅಕ್ಕನ ಮಗಳು ಹಂಸ ತಾನು ಓದಿದ ಪ್ರತಿಯೊಂದು ಪ್ರೇಮ ಕಾದಂಬರಿಗೂ ಫೋನಿನಲ್ಲಿ ನಕ್ಷತ್ರ ಕೊಡುತ್ತಾಳೆ. ಒಂದಕ್ಕೆ ಎರಡು, ಇನ್ನೊಂದಕ್ಕೆ ಮೂರೂವರೆ. ನಾಯಕ ಕಾರಣವಿಲ್ಲದೆ ಮುಖ ಊದಿಸಿಕೊಂಡಿದ್ದರೆ ಒಂದು ಕಳೆಯುತ್ತಾಳೆ. ನಾಯಕಿಗೆ ಒಬ್ಬ ಒಳ್ಳೆಯ ಗೆಳತಿ ಇದ್ದರೆ ಅರ್ಧ ಕೂಡಿಸುತ್ತಾಳೆ. ಅವಳು ಓದುವ ಪುಸ್ತಕಗಳೆಲ್ಲ ಅವಳದೇ ವಯಸ್ಸಿನವರ ಕಥೆಗಳು. ಒಂದೇ ವಾರದಲ್ಲಿ ಎರಡು ಮುಗಿಸಿ, ಎರಡರಲ್ಲೂ ಹುಡುಗಿಯರು ಯಾಕೆ ಇಷ್ಟು ಬೇಗ ಕ್ಷಮಿಸಿಬಿಡುತ್ತಾರೆ ಎಂದು ತಕರಾರು ತೆಗೆಯುತ್ತಾಳೆ. ಹೋದ ತಿಂಗಳು ಹಾಸನದ ನಮ್ಮ ಮನೆಗೆ ಬಂದಿದ್ದಾಗ, ನಿಮ್ಮ ಕಾಲದಲ್ಲಿ ಇಂಥ ಕಾದಂಬರಿಗಳ ಬಗ್ಗೆ ಯಾರು ಅಭಿಪ್ರಾಯ ಹೇಳುತ್ತಿದ್ದರು ಎಂದು ಕೇಳಿದಳು. ನಿನ್ನ ಮುತ್ತಜ್ಜಿ ಎಂದೆ. ನಕ್ಕಳು. ಮುತ್ತಜ್ಜಿಗೆ ಓದು ಬರುತ್ತಿರಲಿಲ್ಲ ಎಂಬುದು ಅವಳಿಗೂ ಗೊತ್ತು. ನಾನು ತಮಾಷೆ ಮಾಡಿರಲಿಲ್ಲ. ನಾನು ಕಂಡ ಮೊದಲ ವಿಮರ್ಶಕಿ ನನ್ನ ಅಜ್ಜಿಯೇ, ಮತ್ತು ಅವಳ ಅಭಿಪ್ರಾಯದ ಮೇಲೆ ಒಬ್ಬಳ ಓದು ನಿಂತಿತ್ತು. ಹಾಗೆಂದು ನಾನು ಮೂವತ್ತೈದು ವರ್ಷಗಳಿಂದ ನಂಬಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಒಬ್ಬನೇ ಸಾಕ್ಷಿಯ ಮಾತನ್ನು ಹಾಗೆಯೇ ಒಪ್ಪಬೇಡಿ ಎಂದು ಹುಡುಗರಿಗೆ ಪಾಠ ಹೇಳಿಕೊಂಡು ಬಂದವನು ನಾನು. ಇಲ್ಲಿ ಆ ಒಬ್ಬ ಸಾಕ್ಷಿ ನಾನೇ ಆಗಿರುವುದರಿಂದ, ಓದುವವರು ನನ್ನ ವಿಷಯದಲ್ಲೂ ಅಷ್ಟೇ ಎಚ್ಚರ ವಹಿಸಬೇಕು.

ನಮ್ಮ ಊರು ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಬಸ್ಸಿನಲ್ಲಿ ಅರ್ಧ ಗಂಟೆ. ಮನೆ ಉದ್ದಕ್ಕೆ ಇತ್ತು. ಮುಂದೆ ಜಗುಲಿ, ಒಳಗೆ ನಡುಮನೆ, ನಡುಮನೆಯ ಎಡಕ್ಕೆ ರಾಗಿ ಕೋಣೆ, ಬಲಕ್ಕೆ ಅಡುಗೆಮನೆ, ಹಿಂದೆ ಬಚ್ಚಲು, ಪಕ್ಕದಲ್ಲಿ ಕೊಟ್ಟಿಗೆ. ರಾಗಿ ಕೋಣೆಗೆ ಬಾಗಿಲು ಇರಲಿಲ್ಲ. ಕಟ್ಟಿದಾಗ ಮರ ಸಾಲಲಿಲ್ಲವಂತೆ. ಮೂಟೆಗಳಿಗೆ ಬಾಗಿಲು ಯಾಕೆ ಎಂದು ಹಾಗೇ ಬಿಟ್ಟರಂತೆ. ಗೋಡೆಯ ಉದ್ದಕ್ಕೂ ಮೂಟೆ ಒಟ್ಟಿ ಉಳಿದ ಜಾಗದಲ್ಲಿ ಅಕ್ಕ ಸವಿತಳ ಚಾಪೆ, ಒಂದು ತಗಡಿನ ಪೆಟ್ಟಿಗೆ, ಪುಸ್ತಕ. ಅವಳು ಆಗ ಹೊಳೆನರಸೀಪುರದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ನಮ್ಮ ಮನೆಯಲ್ಲಿ ಹತ್ತನೆಯ ತರಗತಿ ದಾಟಿದ ಮೊದಲ ಹೆಣ್ಣು ಅವಳು. ಪರೀಕ್ಷೆಗೆ ಮೂರು ತಿಂಗಳಿತ್ತು. ನಾನು ಆರನೆಯ ತರಗತಿ. ಅಪ್ಪ ಬೇಸಾಯದವರು, ಮಾತು ಕಡಿಮೆ, ಕೋಪ ಬೇಗ. ಅವ್ವನ ಮಾತು ಅದಕ್ಕಿಂತಲೂ ಕಡಿಮೆ. ಮನೆಯಲ್ಲಿ ಮಾತಾಡುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ನುಗ್ಗೇಹಳ್ಳಿ ಕಡೆಯಿಂದ ಬಂದ ಹೆಣ್ಣು. ಊರಿನ ಹೆಂಗಸರ ಜಗಳಗಳು ಅವಳ ಮುಂದೆ ಬರುತ್ತಿದ್ದವು. ಬಾವಿಯ ಸರದಿ, ಗೋಡೆಯ ಮೇಲೆ ತಟ್ಟಿದ ಬೆರಣಿ, ಸೊಸೆಗೆ ಕೊಡದ ಮೊಸರು. ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೊಂಡು ಅವಳು ಎರಡೂ ಕಡೆಯವರ ಮಾತನ್ನು ಮುಗಿಯುವ ತನಕ ಕೇಳುತ್ತಿದ್ದಳು. ನಡುವೆ ಯಾರಾದರೂ ಬಾಯಿ ಹಾಕಿದರೆ ಅವರ ಕೈಗೂ ಕೆಲಸ ಕೊಡುತ್ತಿದ್ದಳು.

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಟೈಲರು ತನ್ನ ಅಂಗಡಿಯ ಒಂದು ಕಪಾಟಿನಲ್ಲಿ ಕಾದಂಬರಿಗಳನ್ನಿಟ್ಟು ಬಾಡಿಗೆಗೆ ಕೊಡುತ್ತಿದ್ದ. ಎಲ್ಲಕ್ಕೂ ಕಂದು ಕಾಗದದ ಹೊದಿಕೆ, ಮೇಲೊಂದು ನಂಬರು. ಅಕ್ಕ ಅಲ್ಲಿಂದ ತಂದ ಒಂದನ್ನು ರಾಗಿ ಮೂಟೆಯೊಳಗೆ ತೂರಿಸಿಟ್ಟಿದ್ದಳು. ಅವಳ ಎಣಿಕೆ ಸರಿಯಾಗಿಯೇ ಇತ್ತು. ಮುಂದಿನ ಮೂಟೆಗಳು ಖಾಲಿಯಾಗಿ, ಗೋಡೆಗೆ ಒರಗಿದ್ದ ಆ ಕೊನೆಯ ಮೂಟೆಯ ಸರದಿ ಬರುವಷ್ಟರಲ್ಲಿ ಯುಗಾದಿ ಆಗಿರುತ್ತಿತ್ತು. ಆದರೆ ಇಲಿ ಬಂತು. ಇಲಿ ತೂತು ಮಾಡಿದ ಮೂಟೆ ಮೊದಲು ಮುಗಿಯಲಿ ಎಂದು ಅವ್ವ ಹಿಂದಿನದನ್ನೇ ಮುಂದಕ್ಕೆ ಎಳೆದಳು. ಅಪ್ಪ ಅದನ್ನು ಸೈಕಲ್ಲಿಗೆ ಹೇರಿಕೊಂಡು ಮಿಲ್ಲಿಗೆ ಹೋದರು. ಮಿಲ್ಲಿನ ಸಿದ್ದಣ್ಣ ಮೂಟೆ ಸುರಿದಾಗ ರಾಗಿಯ ಜೊತೆ ಪುಸ್ತಕವೂ ಬಿತ್ತು. ನಾನು ಅಲ್ಲಿರಲಿಲ್ಲ. ಆದರೂ ಅವನು ಹೇಳಿದ್ದು ಅವನ ದನಿಯಲ್ಲೇ ನನಗೆ ಕೇಳಿಸುತ್ತದೆ. ಅಷ್ಟು ಸಲ ಊರಿನವರು ಅದನ್ನು ಹೇಳಿ ನಕ್ಕಿದ್ದಾರೆ.

“ರಾಮಣ್ಣೋ, ಇದ್ನೂ ರಾಗಿ ಜೊತೇಲೇ ಬೀಸ್ಬುಡ್ಲಾ, ಇಲ್ಲಾ ಬ್ಯಾರೆ ನುಚ್ಚು ಮಾಡ್ಕೊಡ್ಲಾ?”

ಅಪ್ಪ ಹಿಟ್ಟು ತರಲಿಲ್ಲ, ಪುಸ್ತಕ ಮಾತ್ರ ತಂದರು. ನಡುಮನೆಯಲ್ಲಿ ಅಕ್ಕನ ಕೆನ್ನೆಗೆ ಹೊಡೆದರು. ಒಂದು ಏಟೋ ಎರಡೋ ಎಂಬುದರ ಬಗ್ಗೆ ನನಗೂ ಅಕ್ಕನಿಗೂ ಇವತ್ತಿಗೂ ಒಮ್ಮತವಿಲ್ಲ. ಹೊಡೆದದ್ದರ ಬಗ್ಗೆ ಅನುಮಾನವಿಲ್ಲ. ಅವ್ವ ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದಳು.

“ಓದಾಕೆ ಅಂತ ಕಳ್ಸುದ್ರೆ ಇದ್ನಾ ಓದದು? ನಾಳಿಂದ ಕಾಲೇಜೂ ಬ್ಯಾಡ, ಪರೀಕ್ಸೆನೂ ಬ್ಯಾಡ. ಬಿದ್ದಿರು ಮನೇಲಿ,” ಎಂದರು ಅಪ್ಪ.

ಅಜ್ಜಿ ಮೊರದಲ್ಲಿ ಏನೋ ಕೇರುತ್ತಿದ್ದವಳು ತಲೆ ಎತ್ತಿದಳು.

“ಅದ್ರಾಗೆ ಏನೈತೆ ಅಂತ ನೋಡ್ದೇನ್ಲಾ?”

“ನೋಡದೇನವ್ವ? ಇಂತವು ಗೊತ್ತಿಲ್ವಾ?”

“ಗೊತ್ತಿದ್ರೆ ಏಳು ಮತ್ತೆ. ಏನೈತೆ?”

ಅಪ್ಪ ಪುಸ್ತಕವನ್ನು ಅವಳ ಮೊರದ ಪಕ್ಕಕ್ಕೆ ಎಸೆದರು.

“ಕೇಳ್ದೆ ನ್ಯಾಯ ಏಳುದ್ರೆ ನಾಕ್ ಜನ ಉಗೀತಾರೆ. ನಾ ಕೇಳ್ತೀನಿ. ಕೇಳುದ್ಮ್ಯಾಕೆ ಏಳ್ತೀನಿ, ಕಾಲೇಜು ಬೇಕೋ ಬ್ಯಾಡ್ವೋ ಅಂತ. ಅಲ್ಲೀಗಂಟ ಮನೇಲೇ ಇರ್ಲಿ.”

“ನಾನೇ ಓದ್ತೀನಿ ಅಜ್ಜಿ,” ಎಂದಳು ಅಕ್ಕ.

“ಬೆಕ್ಕಿನ್ ಕೈಲೇ ಆಲು ಕಾಯ್ಸದಾ? ಲೇ ಮಂಜ, ನೀ ಓದ್ಲಾ.”

ಹೀಗೆ, ಹನ್ನೊಂದು ವರ್ಷದ ನಾನು ನಮ್ಮ ಮನೆಯ ನಡುಮನೆಯಲ್ಲಿ ಒಂದು ಪ್ರೇಮ ಕಾದಂಬರಿಯನ್ನು ಗಟ್ಟಿಯಾಗಿ ಓದಬೇಕಾಯಿತು. ಅವರೆಕಾಯಿಯ ಕಾಲ ಅದು. ನಾನು ಶಾಲೆಯಿಂದ ಬರುವ ಹೊತ್ತಿಗೆ ಅಜ್ಜಿಯೂ ಅವ್ವನೂ ನೆನೆಹಾಕಿದ ಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು ಹಿತುಕಲು ಕೂತಿರುತ್ತಿದ್ದರು. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ಗುರಿ ತಪ್ಪಿದ ಬೇಳೆ ಪುಸ್ತಕದ ಮೇಲೂ ಬೀಳುತ್ತಿತ್ತು. ಎರಡನೆಯ ದಿನದಿಂದ ಪಕ್ಕದ ಮನೆಯ ಚಂದ್ರಕ್ಕ ತನ್ನ ಕಾಳನ್ನೂ ತಂದು ಕೂತಳು. ಅಪ್ಪ ಜಗುಲಿಯಲ್ಲಿ ನಮಗೆ ಬೆನ್ನು ಮಾಡಿ ಹಗ್ಗ ಹೊಸೆಯುತ್ತಿದ್ದರು. ಅಕ್ಕ ರಾಗಿ ಕೋಣೆಯ ಒಳಗೆ. ಬೆಳಕು ಇರುವ ತನಕ ಓದು; ಕಣ್ಣಿಗೆ ಅಕ್ಷರ ಕಾಣದಾದಾಗ ಅವತ್ತಿನ ವಿಚಾರಣೆ ಮುಗಿಯುತ್ತಿತ್ತು.

ಕಥೆ ಇಷ್ಟು. ಶಾಲಿನಿ ಎಂಬ ಹುಡುಗಿ ಮೈಸೂರಿನ ಒಂದು ಆಫೀಸಿನಲ್ಲಿ ಟೈಪಿಸ್ಟು. ವಿವೇಕ ಕಾಫಿ ಎಸ್ಟೇಟಿನ ಒಡೆಯ. ಅವನು ಮಾತಾಡುವುದಿಲ್ಲ, ಕಾರಿನಲ್ಲಿ ಬರುತ್ತಾನೆ, ಕಿಟಕಿಯ ಹತ್ತಿರ ನಿಲ್ಲುತ್ತಾನೆ, ದೂರ ನೋಡುತ್ತಾನೆ. ಅವಳು ಅವನನ್ನು ಕಂಡಾಗಲೆಲ್ಲ ನಡುಗುತ್ತಾಳೆ. ಅಜ್ಜಿಗೆ ಮೊದಲ ದಿನವೇ ಅವನ ಮೇಲೆ ಅನುಮಾನ ಬಂತು.

“ಇವ್ನಿಗೆ ಕೆಲ್ಸ ಏನ್ಲಾ?”

“ತ್ವಾಟ ಐತೆ ಅಜ್ಜಿ. ಕಾಫಿ ತ್ವಾಟ.”

“ತ್ವಾಟ ಇರೋನು ಮೂರೊತ್ತೂ ಪ್ಯಾಟೇಲಿ ಕಿಟ್ಕಿ ತಾವ ನಿಂತಿದ್ರೆ ಗಿಡ ಯಾರ್ ನೋಡ್ಕತಾರೆ? ಸುಳ್ಳ ಇವ್ನು.”

ಮೂರನೆಯ ದಿನ ಅವಳು ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದಳು.

“ಇಷ್ಟ್ ಪುಟ ಆಯ್ತಲ್ಲ, ಒಬ್ರಾದ್ರೂ ಉಂಡ್ರೇನ್ಲಾ?”

ನಾನು ಹಿಂದಿನ ಪುಟಗಳನ್ನು ನೆನೆಸಿಕೊಂಡೆ. “ಕಾಫಿ ಕುಡುದ್ರು ಅಜ್ಜಿ.”

“ಅದೇ ಮತ್ತೆ. ಮುದ್ದೆ ಇಲ್ಲ, ಅನ್ನ ಇಲ್ಲ, ಬರೀ ಕಾಪಿ. ಅದ್ಕೇ ಆ ಉಡುಗಿ ಗಳಿಗ್ಗೊಂದ್ಸಲ ನಡುಗ್ತಾಳೆ.”

ಶಾಲಿನಿಯ ತಾಯಿ ಸತ್ತ ಪುಟದಲ್ಲಿ ಚಂದ್ರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಯಾಕಮ್ಮಿ ಅಳ್ತೀಯ?” ಎಂದಳು ಅಜ್ಜಿ. “ನಿನ್ ಗಂಡ ಚರಂಡೀಗೆ ಬಿದ್ದು ಕಾಲು ಮುರ್ಕಂಡಾಗ್ಲೂ ನೀ ಅತ್ತಿರ್ನಿಲ್ಲ.”

“ಅವ್ನು ಕುಡ್ದಿದ್ದ ಬುಡಜ್ಜಿ. ಇದು ಬ್ಯಾರೆ.”

ಎಂ.ಎ. ಓದುವಾಗ ನಾನು ಇಂಥ ಜನಪ್ರಿಯ ಕಾದಂಬರಿಗಳ ಬಗ್ಗೆ ಒಂದು ಪ್ರಬಂಧ ಬರೆದೆ. ಈ ಬಗೆಯ ಕಥೆಗಳಲ್ಲಿ ನಾಯಕನ ದುಡಿಮೆ ಕಣ್ಣಿಗೆ ಬೀಳುವುದಿಲ್ಲ ಎಂದೂ ದೇಹದ ದಿನನಿತ್ಯದ ಅಗತ್ಯಗಳು ಅಳಿಸಿಹೋಗುತ್ತವೆ ಎಂದೂ ಹನ್ನೆರಡು ಪುಟ ಬರೆದಿದ್ದೆ. ಅಧ್ಯಾಪಕರು ಮೆಚ್ಚಿದರು. ಅದರಲ್ಲಿ ಅಜ್ಜಿ ಹೇಳದೇ ಇದ್ದದ್ದು ಬಹಳ ಏನೂ ಇರಲಿಲ್ಲ. ಈಗ ಯೋಚಿಸಿದರೆ ಇನ್ನೊಂದು ಅನುಮಾನವೂ ಬರುತ್ತದೆ: ಪ್ರಬಂಧದ ಮಾತುಗಳನ್ನೇ ಆಮೇಲೆ ನಾನು ಅಜ್ಜಿಯ ಬಾಯಿಗೆ ಹಾಕಿರಬಹುದೇ? ಊಟದ ಮಾತು ಅವಳದೇ ಎಂದು ಧೈರ್ಯವಾಗಿ ಹೇಳಬಲ್ಲೆ. ಅದು ಹೊಳೆಯುವಷ್ಟು ಬುದ್ಧಿ ನನಗೆ ಎಂ.ಎ.ಯಲ್ಲೂ ಇರಲಿಲ್ಲ.

ಅಷ್ಟು ದಿನವೂ ಬೆಳಗ್ಗೆ ಏಳು ಮುಕ್ಕಾಲಿಗೆ ಬಸ್ಸು ಊರ ಮುಂದೆ ಹಾರನ್ ಹೊಡೆದು ಹೋಗುತ್ತಿತ್ತು. ಆ ಹೊತ್ತಿಗೆ ಅಕ್ಕ ಬಚ್ಚಲಲ್ಲೋ ಕೊಟ್ಟಿಗೆಯಲ್ಲೋ ಕೈಗೆ ಸಿಕ್ಕ ಕೆಲಸವನ್ನು ಜೋರಾಗಿ ಸದ್ದು ಮಾಡಿಕೊಂಡು ಮಾಡುತ್ತಿದ್ದಳು. ಅದನ್ನು ನೋಡಿ ನನಗೆ ಅರ್ಥವಾಗಿತ್ತು, ಈ ಪುಸ್ತಕ ಒಳ್ಳೆಯದು ಎಂದು ಅಜ್ಜಿಗೆ ಅನ್ನಿಸಬೇಕು. ಆದ್ದರಿಂದ ಶಾಲೆಗೆ ಹೊರಡುವ ಮುಂಚೆ ಅವತ್ತಿನ ಪುಟಗಳನ್ನು ಕದ್ದು ನೋಡಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ನಡುಗುವ ಕಡೆಗಳಲ್ಲಿ ಬೇಗ ಓದುತ್ತಿದ್ದೆ. ವಿವೇಕ ಒಂದು ಸಲ ತೋಟಕ್ಕೆ ಹೋಗಿಬಂದ ಎಂದು ನಾನೇ ಒಂದು ವಾಕ್ಯ ಸೇರಿಸಿದೆ.

ಆರನೆಯ ದಿನವೋ ಏಳನೆಯ ದಿನವೋ ಆ ಪುಟ ಸಿಕ್ಕಿತು. ಶಾಲಿನಿ ಆಫೀಸಿನ ಒಬ್ಬನ ಜೊತೆ ಆಟೋದಲ್ಲಿ ಬಂದದ್ದನ್ನು ವಿವೇಕ ನೋಡುತ್ತಾನೆ. ಅವಳ ರೂಮಿಗೆ ಬಂದು ಕೆನ್ನೆಗೆ ಹೊಡೆದು ಹೋಗುತ್ತಾನೆ. ಅವಳು ಹಾಸಿಗೆಯ ಮೇಲೆ ಬಿದ್ದು ಅಳುತ್ತಾಳೆ. ಅತ್ತು ಮುಗಿದ ಮೇಲೆ, ತನ್ನ ಮೇಲೆ ಇಷ್ಟು ಅಧಿಕಾರ ಇಷ್ಟು ದಿನ ಯಾರಿಗೂ ಇರಲಿಲ್ಲವಲ್ಲ ಎಂದು ಯೋಚಿಸಿ ಕತ್ತಲಲ್ಲಿ ಒಬ್ಬಳೇ ನಗುತ್ತಾಳೆ. ಇದನ್ನು ಓದಿದರೆ ಅಕ್ಕನ ಕಾಲೇಜು ನಿಂತಂತೆಯೇ ಎಂದುಕೊಂಡೆ. ಜಗುಲಿಯಲ್ಲಿ ಅಪ್ಪ ಬೇರೆ. ಸಂಜೆ ಆ ಜಾಗ ಬಂದಾಗ ಎರಡು ಹಾಳೆ ಒಟ್ಟಿಗೆ ತಿರುವಿ ಮುಂದಿನದನ್ನು ಓದಿದೆ. ಮರುದಿನ ಬೆಳಗ್ಗೆ ಶಾಲಿನಿ ಕನ್ನಡಿಯ ಮುಂದೆ ನಿಂತು ಕೆನ್ನೆ ನೋಡಿಕೊಂಡಳು ಎಂದು ಅಲ್ಲಿತ್ತು.

“ನಿಲ್ಸು,” ಎಂದಳು ಅವ್ವ.

ಆ ವಾರವೆಲ್ಲ ಅವ್ವ ಕಾದಂಬರಿಯ ಬಗ್ಗೆ ಆಡಿದ ಮೊದಲ ಮಾತು ಅದು.

“ಕೆನ್ನೆಗೇನಾಗಿತ್ತು?”

“ಏನಿಲ್ಲವ್ವ.”

“ಏನಿಲ್ದೆ ಯಾಕ್ ನೋಡ್ಕಂಡ್ಲು? ಇಂದ್ಕೆ ತಿರುವು.”

ತಿರುವಿ ಓದಿದೆ. ನನ್ನ ನೆನಪಿನಲ್ಲಿ, ಆ ಎರಡು ಪುಟ ಮುಗಿಯುವ ತನಕ ಬೇಳೆ ಪಾತ್ರೆಗೆ ಬೀಳುವ ಸದ್ದು ಇಲ್ಲ, ಜಗುಲಿಯಲ್ಲಿ ಹಗ್ಗ ಹೊಸೆಯುವ ಸದ್ದೂ ಇಲ್ಲ. ಹಗ್ಗ ಹೊಸೆಯುವುದು ಒಳಗೆ ಕೇಳಿಸುವಂಥ ಸದ್ದೇ ಅಲ್ಲವಾದ್ದರಿಂದ ಅದು ನಿಂತದ್ದು ನನಗೆ ಹೇಗೆ ಗೊತ್ತಾಯಿತೋ ಹೇಳಲಾರೆ.

“ಒಡ್ದೋನ್ನ ನೆನ್ಸ್ಕಂಡು ನಕ್ಕಂಡ್ಲಾ?” ಎಂದಳು ಅಜ್ಜಿ.

“ಊಂ.”

“ಇದ್ನ ಬರ್ದೋರು ಒಂದ್ಸಲಾನೂ ಏಟು ತಿಂದಿಲ್ಲ ಕಣ್ಲಾ.”

ಅವ್ವ ಪಾತ್ರೆಯಿಂದ ಇನ್ನೊಂದು ಹಿಡಿ ಕಾಳು ಎತ್ತಿಕೊಂಡಳು. ಅಜ್ಜಿ ರಾಗಿ ಕೋಣೆಯ ಕಡೆ ತಿರುಗಿ ಕೂಗಿದಳು.

“ಸವೀ, ಬಾ ಇಲ್ಲಿ. ಇದು ನಿಂಗೆ ಸರೀ ಕಾಣ್ತದಾ?”

ಅಕ್ಕ ಬಂದು ಕಂಬ ಹಿಡಿದು ನಿಂತಳು. “ಇಲ್ಲ ಅಜ್ಜಿ. ಅಲ್ಲಿ ನಂಗೂ ಸಿಟ್ಟು ಬಂತು.”

“ಸಿಟ್ಟು ಬಂದ್ರೆ ಯಾಕ್ ಮಡಿಕ್ಕಂಡಿದ್ದೆ?”

“ಅದ್ಕೆ ಮಡಿಕ್ಕಂಡಿದ್ದಲ್ಲ. ಮೊದ್ಲಲ್ಲಿ ಅವ್ಳ ರೂಮು ಬತ್ತದಲ್ಲ, ಅದ್ಕೆ.”

“ಯಾವ್ ರೂಮು?”

“ಬಾಡ್ಗೆ ರೂಮು. ಆಪೀಸಿಂದ ಬತ್ತಾಳೆ. ಅವ್ಳೇ ಬೀಗ ತಗೀತಾಳೆ. ಸ್ಟೌ ಅಚ್ಚಿ ಒಂದು ಲೋಟ ಕಾಫಿ ಮಾಡ್ಕಂಡು, ಕಾಲು ನೀಡ್ಕಂಡು ಕುಡೀತಾಳೆ. ಯಾಕ್ ತಡ ಆಯ್ತು ಅಂತ ಯಾರೂ ಕೇಳಲ್ಲ.”

ಅದನ್ನು ನಾನು ಮೊದಲ ದಿನವೇ ಓದಿದ್ದೆ. ಒಂದೂವರೆ ಪುಟ. ಬೇಸರದ ಭಾಗವೆಂದು ಒಂದೇ ಉಸಿರಿಗೆ ಓದಿ ದಾಟಿದ್ದೆ. ಅಜ್ಜಿಯೂ ಅದರ ಬಗ್ಗೆ ಏನೂ ಹೇಳಿರಲಿಲ್ಲ. ಆಗ ಹಿಂದಕ್ಕೆ ತಿರುವಿ ನೋಡಿದರೆ ಇಡೀ ಪುಸ್ತಕದಲ್ಲಿ ಆ ಹಾಳೆಯ ಮೂಲೆ ಮಾತ್ರ ಬೆರಳು ತಾಗಿ ತಾಗಿ ಮಾಸಿತ್ತು.

“ಅವ್ನು ಒಡುದ್ನಲ್ಲ,” ಎಂದಳು ಅಜ್ಜಿ. “ಅವ್ಳ ಜಾಗ್ದಲ್ಲಿ ನೀನಾಗಿದ್ರೆ ಏನ್ಮಾಡ್ತಿದ್ದೆ?”

“ಬೆಳಿಗ್ಗೆ ಎದ್ದು ರೂಮಿಗೆ ಬೀಗ ಆಕ್ಕಂಡು ಕೆಲ್ಸಕ್ಕೆ ಓಗ್ತಿದ್ದೆ. ಇನ್ನೊಂದ್ ಸಲ ಬಂದ್ರೆ ಬಾಗ್ಲು ತಗೀತಿರ್ನಿಲ್ಲ.” ರಾಗಿ ಕೋಣೆಯ ಕಡೆ ನೋಡಿ ಹೇಳಿದಳು, “ಅವ್ಳಿಗಾದ್ರೆ ಬಾಗ್ಲೈತೆ. ನಂಗೆ ಅದೂ ಇಲ್ಲ.”

ಚಂದ್ರಕ್ಕ ತನ್ನ ಪಾತ್ರೆ ಎತ್ತಿಕೊಂಡು, ಒಲೆ ಮೇಲೆ ಏನೋ ಇಟ್ಟು ಬಂದೆ ಎಂದು ಎದ್ದು ಹೋದಳು. ಅಜ್ಜಿ ಕೈಯಲ್ಲಿದ್ದ ಕಾಳನ್ನು ಹಿತುಕಿ ಮುಗಿಸಿದಳು. ಆಮೇಲೆ ಜಗುಲಿಯ ಕಡೆ ತಿರುಗಿ, ಅಪ್ಪನಿಗೆ ಕೇಳುವ ಹಾಗೆ ತೀರ್ಪು ಹೇಳಿದಳು.

“ಪುಸ್ತಕ ನೆಟ್ಟಗಿಲ್ಲ. ಉಡುಗಿ ನೆಟ್ಟಗವ್ಳೆ. ನಾಳಿಂದ ಕಾಲೇಜಿಗೆ ಕಳ್ಸು.”

“ಆಯ್ತು ಬುಡವ್ವ,” ಎಂದರು ಅಪ್ಪ.

ಅಕ್ಕ ಪರೀಕ್ಷೆ ಬರೆದಳು. ಹಾಸನದಲ್ಲಿ ಡಿಗ್ರಿ ಮಾಡಿದಳು, ಮೇಷ್ಟರ ಕೆಲಸ ಹಿಡಿದಳು, ಆಮೇಲೆ ಚನ್ನರಾಯಪಟ್ಟಣಕ್ಕೆ ಬಂದಳು. ಉಳಿದ ಪುಟಗಳನ್ನು ನಾವು ಓದಿ ಮುಗಿಸಿದೆವೋ ಇಲ್ಲವೋ ನೆನಪಿಲ್ಲ. ಶಾಲಿನಿಗೂ ವಿವೇಕನಿಗೂ ಮದುವೆ ಆಗಿರಲೇಬೇಕು. ಅಂಥ ಕಾದಂಬರಿಗಳಿಗೆ ಬೇರೆ ದಾರಿ ಇಲ್ಲ. ಅದಕ್ಕೆ ಅವುಗಳನ್ನು ಹಂಗಿಸುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ಮದುವೆಯ ಪುಟಕ್ಕಾಗಿ ಅವನ್ನು ಓದುವವರು ಎಷ್ಟಿದ್ದಾರೋ, ಸ್ಟೌವಿನ ಪುಟಕ್ಕಾಗಿ ಓದುವವರು ಎಷ್ಟಿದ್ದಾರೋ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ಹೇಳಿದ್ದೇನೆ. ಹೇಳಿದಾಗಲೆಲ್ಲ ಜನ ಅಜ್ಜಿಯ ತೀರ್ಪಿನ ಹತ್ತಿರ ತಲೆದೂಗುತ್ತಾರೆ. ಹಂಸಳಿಗೂ ಅದು ಹಿಡಿಸಿತು. ನಾನು ಓದುವುದನ್ನು ಕಲಿತದ್ದು, ಓದಿದ್ದನ್ನು ಅನುಮಾನಿಸುವುದನ್ನು ಕಲಿತದ್ದು ಆ ನಡುಮನೆಯಲ್ಲೇ ಎಂದು ಒಂದು ಒಳ್ಳೆಯ ಪ್ಯಾರಾ ಕೂಡ ಬರೆದಿದ್ದೆ. ಇಷ್ಟು ಅಚ್ಚುಕಟ್ಟಾಗಿ ಮುಗಿಯುವ ನೆನಪು ಬೇರೆ ಯಾರದ್ದಾದರೂ ಆಗಿದ್ದರೆ ನಾನು ಒಪ್ಪುತ್ತಿರಲಿಲ್ಲ. ಹಾಗಾಗಿ ಬರೆದದ್ದನ್ನು ಅಕ್ಕನಿಗೆ ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಮಾಡಿದಳು. ಅವಳು ಫೋನಿನಲ್ಲಿ ಮಾತಾಡಿದ ಮೇಲೆ ಆ ಪ್ಯಾರಾ ತೆಗೆದುಹಾಕಿದೆ. ಉಳಿದದ್ದನ್ನು ಇದ್ದ ಹಾಗೆಯೇ ಬಿಟ್ಟಿದ್ದೇನೆ.

“ಚೆನ್ನಾಗಿ ಬರ್ದಿದ್ದೀಯ ಕಣೋ. ಎರಡು ಹಾಳೆ ಹಾರ್ಸಿದ್ದು ನನಗೋಸ್ಕರ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

“ಮತ್ತೆ ಎಲ್ಲಾ ಸರಿ ಇದೆಯಾ?”

“ಕೊನೇದೊಂದು ಬಿಟ್ಟು.”

“ಯಾವ್ದು?”

“ಅಜ್ಜಿ ತೀರ್ಪು ಹೇಳಿದ್ದು. ಅದೆಲ್ಲಿಂದ ಬಂತು?”

ಅದು ನನ್ನ ಕಿವಿಯಲ್ಲಿ ಇನ್ನೂ ಇದೆ ಎಂದೆ. ಉಡುಗಿ ನೆಟ್ಟಗವ್ಳೆ ಎಂದದ್ದು, ಅಪ್ಪ ಆಯ್ತು ಬುಡವ್ವ ಎಂದದ್ದು.

“ಇಲ್ಲ ಕಣೋ. ನಾನು ಬಾಗ್ಲಿಲ್ಲ ಅಂದ ಮೇಲೆ ಯಾರೂ ಮಾತಾಡ್ಲಿಲ್ಲ. ಅಜ್ಜಿ ಮಡಿಲಲ್ಲಿದ್ದ ಸಿಪ್ಪೆ ಒದರ್ಕೊಂಡು ಎದ್ದು ಕೊಟ್ಟಿಗೆ ಕಡೆ ಹೋಯ್ತು. ಅಪ್ಪ ಆಗ್ಲೇ ಜಗುಲಿ ಮೇಲಿರ್ಲಿಲ್ಲ.”

“ಮತ್ತೆ ನೀನು ಕಾಲೇಜಿಗೆ ಹೋಗಿದ್ದು?”

“ಬೆಳಿಗ್ಗೆ ಎದ್ದೆ. ತಲೆ ಬಾಚ್ಕೊಂಡೆ. ಹೋದೆ.”

“ಯಾರೂ ಹೋಗು ಅನ್ಲಿಲ್ವಾ?”

“ಇಲ್ಲ.”

“ಹೋಗ್ಬೇಡ ಅಂತ?”

ಅವಳು ನೆನಪು ಮಾಡಿಕೊಳ್ಳುತ್ತಿದ್ದಳು ಅನ್ನಿಸುತ್ತದೆ. ಆ ಕಡೆ ಹಂಸ ಏನೋ ಕೇಳುತ್ತಿದ್ದದ್ದು, ಇವಳು ತಾಳು ಅಂದದ್ದು ಕೇಳಿಸಿತು.

“ಅಂದ್ರೋ ಏನೋ ಕಣೋ. ನಾನು ತಿರುಗಿ ನೋಡ್ಲಿಲ್ಲ.”